ಕೆಂಪು ಮರದ ಹೆರೆಮಣೆ

ಏಳು ಕಡಲಿನಾಚೆ, ಮರಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ, ಮೈಯೊಳಗೆಲ್ಲ ಕೆಂಪಗಿದ್ದ ಒಂದು ನೀಲಗಿರಿ ಮರವಿತ್ತಂತೆ. ಗೆದ್ದಲು ಬಂದು, ‘ತಿನ್ನಲಾ?’ ಎಂದಿತಂತೆ. ‘ಹಲ್ಲು ಗಟ್ಟಿಯಿದ್ದರೆ ತಿನ್ನು’ ಎಂದಿತಂತೆ ಮರ.

ಅಜ್ಜಿಯ ಕಥೆ ಕೇಳಿಯೇ ಬೆಳೆದ ಯಶ್ಮಿತಾ ಈ ಸಲ ಅಜ್ಜಿಗೇ ಕಥೆ ಕಟ್ಟಿದ್ದಳು. ವಸಂತಜ್ಜಿ ನಗಲಿಲ್ಲ. ಉಡುಪಿಯ ಮನೆಯಲ್ಲಿ ಅವರ ತಾಯಿಯ ಕಾಲದ ಹೆರೆಮಣೆಯ ಹಲಸಿನ ಹಲಗೆಯನ್ನು ಗೆದ್ದಲು ಪುಡಿ ಮಾಡಿತ್ತು. ಉಳಿದದ್ದು ಕಾಯಿ ತುರಿಯುವ ಕಬ್ಬಿಣದ ನಾಲಗೆ ಮಾತ್ರ. ಅದನ್ನು ಸೀರೆಯಲ್ಲಿ ಸುತ್ತಿ ಮೊಮ್ಮಗಳಿದ್ದ ದುಬೈಗೆ ತಂದಿದ್ದರು. ಊರಿಗೆ ಹೊರಡುವ ಮೊದಲು ಹೊಸ ಮಣೆ ಮಾಡಿಕೊಡುತ್ತೇನೆಂದು ಯಶ್ಮಿತಾ ಮಾತು ಕೊಟ್ಟಿದ್ದಳು. ಶನಿವಾರ ಸಂಜೆ ವಿಮಾನ.

“ನೀಲಗಿರಿಯಾ? ಅದು ಬಚ್ಚಲೊಲೆಗೆ ಹಾಕುವ ಸೌದೆ ಮಾರಾಯ್ತಿ.”

“ಇದು ಆಸ್ಟ್ರೇಲಿಯಾದ್ದು ಅಜ್ಜಿ, ಜರ್ರಾ ಅಂತ. ಉಪ್ಪು ನೀರಲ್ಲಿ ನಿಲ್ಲುವ ದೋಣಿಕಟ್ಟೆಗೂ ಇದೇ ಹಲಗೆ ಹಾಕ್ತಾರೆ.”

“ದೋಣಿಕಟ್ಟೆ ಮೇಲೆ ಕೂತು ಯಾರು ಕಾಯಿ ಹೆರೀತಾರೆ?”

ಯಶ್ಮಿತಾ ಮನೆಗಳ ಒಳವಿನ್ಯಾಸ ಮಾಡುವ ಕಂಪನಿಯವಳು. ಯಾವುದೋ ವಿಲ್ಲಾದ ಜಗಲಿಗೆ ತಂದು ಉಳಿದಿದ್ದ ಜರ್ರಾ ತುಂಡನ್ನು ಕೇಳಿ ಪಡೆದಿದ್ದಳು. ಶನಿವಾರ ಬೆಳಗ್ಗೆ ಕಂಪನಿಯ ವರ್ಕ್‌ಶಾಪಿನಲ್ಲಿ, ಹಲಸಿನ ಹಲಗೆಗೆಂದು ಅಜ್ಜಿ ಹೇಳಿಕೊಟ್ಟ ಕ್ರಮದಲ್ಲೇ ನಾಲಗೆಯನ್ನಿಟ್ಟು ಮೊಳೆ ಹೊಡೆದಳು. ಮೊಳೆ ಬಾಗಿತು. ಇನ್ನೊಂದೂ ಬಾಗಿತು. ಸ್ಕ್ರೂ ತಿರುಗಿಸಿದಳು, ತಲೆ ಮುರಿದು ಕೈಗೆ ಬಂತು, ಮೈ ಮರದೊಳಗೇ ಉಳಿಯಿತು.

ವರ್ಕ್‌ಶಾಪ್ ನೋಡಿಕೊಳ್ಳುವ ಮಂಗಳೂರಿನ ಲೆಸ್ಲಿ ಚಹಾ ಹೀರುತ್ತ ನಕ್ಕ. “ಖಲಾಸ್! ತುರಿದ ಕಾಯಿ ಪ್ಯಾಕೆಟಲ್ಲೇ ಸಿಗ್ತದಲ್ಲ ಮೇಡಂ?”

“ಪ್ಯಾಕೆಟ್ ಮೇಲೆ ಅಜ್ಜಿ ಕೂತ್ಕೊಳ್ಳಲಿಕ್ಕೆ ಆಗ್ತದಾ? ಡ್ರಿಲ್ ಕೊಡಿ.”

ಗೆದ್ದಲಿಗೆ ಬಗ್ಗದ ಮರ ತನ್ನ ಅವಸರಕ್ಕೆ ಯಾಕೆ ಬಗ್ಗೀತು? ಅವಳು ಹಲಗೆಯನ್ನು ತಿರುಗಿಸಿ ಇನ್ನೊಂದು ತುದಿಯಿಂದ ಶುರುಮಾಡಿದಳು. ಮೊದಲು ಸಪೂರ ತೂತು, ಆಮೇಲೆ ಅದನ್ನೇ ದೊಡ್ಡದು ಮಾಡುವುದು. ಡ್ರಿಲ್ ಬಿಸಿಯೇರಿದಾಗಲೆಲ್ಲ ನಿಲ್ಲಿಸಿ, ತಣಿಸಿ, ಮತ್ತೆ. ಮರ ಎಲೆಯಡಿಕೆ ಜಗಿದವರ ಹಾಗೆ ಕೆಂಪು ಪುಡಿ ಉಗುಳಿತು. ಅಂಗೈಯಲ್ಲಿ ಬೊಕ್ಕೆ ಎದ್ದಿತು. ಲೆಸ್ಲಿ ಚಹಾ ಕೆಳಗಿಟ್ಟು ಬಂದು ಹಲಗೆಯನ್ನು ಒತ್ತಿ ಹಿಡಿದ. ಬೋಲ್ಟು ಬಿಗಿದು ಇಬ್ಬರೂ ಜಗ್ಗಿ ನೋಡಿದರು. ನಾಲಗೆ ಅಲುಗಲಿಲ್ಲ.

ಅವಳು ಸಿಲಿಕಾನ್ ಓಯಸಿಸ್ ಬಡಾವಣೆಯ ತನ್ನ ಫ್ಲ್ಯಾಟ್ ತಲುಪುವಾಗ ಸೂಟ್‌ಕೇಸುಗಳು ಬಾಗಿಲಿಗೆ ಬಂದಿದ್ದವು. ಅಜ್ಜಿ ಮಣೆಯನ್ನು ಎತ್ತಿದರು.

“ಅಬ್ಬ, ಎಂಥ ಭಾರ! ವಿಮಾನದವರು ನನ್ನನ್ನು ಇಲ್ಲೇ ಬಿಟ್ಟು ಇದನ್ನೇ ಕರ್ಕೊಂಡು ಹೋಗ್ತಾರೆ.”

“ಕೂತು ನೋಡಿ ಅಜ್ಜಿ.”

ಅಜ್ಜಿ ಉಗುರಿನಿಂದ ಹಲಗೆಯನ್ನು ಕೆರೆದರು. ಗೀರು ಬೀಳಲಿಲ್ಲ. ಸೀರೆ ಸರಿಮಾಡಿಕೊಂಡು, ಒಂದು ಕಾಲು ಮಡಚಿ ಕೂತು ಕೈ ಚಾಚಿದರು. ಯಶ್ಮಿತಾ ಕಾಯಿ ಒಡೆದು ಕಡಿ ಕೊಟ್ಟಳು.

ನಾಲಗೆ ಕರಕರ ಎಂದಿತು. ಮಣೆ ಕದಲಲಿಲ್ಲ. ತಟ್ಟೆಗೆ ಬೆಳ್ಳಗಿನ ತುರಿ ಬಿತ್ತು.