ಆರಿಸಿದ ಕಾಳು

"ವಾಸನೆ ಬಂತೇನೇ ನಿನ್ ಮೂಗಿಗೆ, ಲೌಡಿ? ಬಾಯಿ ತೆಗಿ. ರುಚಿನೂ ನೋಡು!"

ಎವಾರಿಸ್ತೊ ಧಣಿ ಬಸಿಲಿಸಾಳ ಜುಟ್ಟು ಹಿಡಿದು ತಲೆಯನ್ನು ಹಿಂದಕ್ಕೆ ಬಗ್ಗಿಸಿದ. ಇನ್ನೊಂದು ಕೈಯಲ್ಲಿ ಹಸಿರು ಬೂಷ್ಟು ಹಿಡಿದ ಮೆಕ್ಕೆಜೋಳ. ಮುಷ್ಟಿಸಮೇತ ಅವಳ ಬಾಯಿಗೆ ತುರುಕಿದ. ತುಟಿ ಸೀಳಿ, ರಕ್ತವೂ ಹಸಿರು ಪುಡಿಯೂ ಕಲೆತು ಗದ್ದದ ಮೇಲೆ ಇಳಿಯಿತು. ಗೋದಾಮಿನ ನೆಲದ ಮೇಲೆ ಕಾಳು ಆರಿಸುತ್ತಿದ್ದ ಹೆಂಗಸರು ತಲೆ ಎತ್ತಲಿಲ್ಲ.

ಅವಳು ಕೇಳಿದ್ದು ಇಷ್ಟೇ: "ಕೂಲಿ ಜೋಳದಾಗೆ ಒಂದು ಪಾವು ಒಳ್ಳೇದು ಕೊಡಿ ಧಣಿ, ಮೊಮ್ಮಗಳಿಗೆ."

ಮೊಮ್ಮಗಳು ತೆರಿಂಗ್ ಅಲ್ಲೇ ಮೂಲೆಯ ಗೋಣಿಯ ಮೇಲೆ ಮಲಗಿದ್ದಳು. ಕೈಕಾಲು ಕಡ್ಡಿ, ಹೊಟ್ಟೆ ಮಡಕೆ, ಕಣ್ಣು ಅರಿಸಿನ.

ಆ ವರ್ಷ ಬುಕಿದ್ನೊನ್ ಗುಡ್ಡದ ಮಳೆ ಕಟಾವಿನ ಹೊತ್ತಿಗೇ ಹಿಡಿದು, ರಾಶಿಯ ಒಡಲೊಳಗೇ ಬೂಷ್ಟು ಬೆಳೆದಿತ್ತು. ಬಂಗಾರದಂಥ ಕಾಳು ಧಣಿಯ ಕಾಳಗದ ಹುಂಜಗಳಿಗೆ, ನಡುವಿನದು ಲಾರಿಗೆ, ಹಸಿರು-ಕಪ್ಪು ಉಳಿದದ್ದು ಕೂಲಿಗೆ. ಹೆಂಗಸರು ಅದನ್ನು ತೊಳೆದು, ಒಣಗಿಸಿ, ನುಚ್ಚು ಒಡೆಯುತ್ತಿದ್ದರು. ಬೀಸುಕಲ್ಲಿಗೆ ಬಿದ್ದ ಮೇಲೆ ಯಾವ ಕಾಳಿಗೂ ಮುಖವಿಲ್ಲ. ಬೆಂಕಿ ಕಂಡದ್ದೆಲ್ಲ ಶುದ್ಧ ಎಂದು ಬಸಿಲಿಸಾಳೂ ನಂಬಿದ್ದಳು, ಉಳಿದ ಗಂಜಿಯನ್ನು ಬಾತುಮರಿಗಳಿಗೆ ಸುರಿಯುವ ತನಕ. ಮರಿಗಳು ಕತ್ತು ಹಿಂದಕ್ಕೆ ತಿರುಚಿಕೊಂಡು, ನೆಲದ ಮೇಲೇ ಈಜುವಂತೆ ಕಾಲು ಬಡಿದು ಸತ್ತವು. ಒಂದನ್ನು ಸೀಳಿ ನೋಡಿದಳು. ಒಳಗಿನ ಈಲಿ ಹಸಿ ಜೇಡಿಮಣ್ಣಿನ ಹಾಗೆ ಬಿಳಿಚಿತ್ತು.

ಮಧ್ಯಾಹ್ನ ಹುಂಜಗಳನ್ನು ನೋಡಲು ಪಟ್ಟಣದಿಂದ ಪಶುವೈದ್ಯ ಬಂದ. ಭಾನುವಾರ ಕಾಳಗ. ಧಣಿಯ ಮುದ್ದಿನ ಹುಂಜ ಕಪಿತಾನನ ರೆಕ್ಕೆ ಬಿಡಿಸಿ, ಕಣ್ಣು ನೋಡಿ, "ಬೂಷ್ಟು ಹಿಡಿದ ಒಂದು ಕಾಳೂ ಹೋಗ್ಬಾರ್ದು, ಈಲಿ, ಅದೇ ಲಿವರ್, ಹಾಳಾಗುತ್ತೆ" ಅಂದ.

ಕಾಳಿನ ಮೊರ ಹಿಡಿದು ನಿಂತಿದ್ದ ಬಸಿಲಿಸಾ ಊದಿದ ತುಟಿಯಲ್ಲೇ ಕೇಳಿದಳು: "ಡಾಕ್ಟ್ರೇ, ಆ ಮೂಲೇಲಿ ಮಲಗೈತಲ್ಲ ಕೂಸು, ಅದಕ್ಕೂ ಈಲಿ ಇರ್ತದಾ?"

ವೈದ್ಯ ಮೂಲೆ ನೋಡಿದ. ಆಮೇಲೆ ಧಣಿಯ ಮುಖ ನೋಡಿದ. ಚೀಲ ಮುಚ್ಚಿದ.

ಮೇಸ್ತ್ರಿ ಗೋರಿಯೊ ಅವಳ ಸೊಂಟಕ್ಕೆ ಒದ್ದ. "ಹುಂಜದ ಸಮಕ್ಕೆ ನಿಲ್ತೀಯೇನೇ, ಬೋಳಿ?" ಒದ್ದವನು ಕೊಡೆ ಬಿಚ್ಚಿ ವೈದ್ಯನ ಹಿಂದೆ ಕಾರಿನವರೆಗೆ ಓಡಿದ. ಧಣಿಯೂ ಹೋದ.

ಬಸಿಲಿಸಾ ಎದ್ದು ಹುಂಜವನ್ನು ಎತ್ತಿಕೊಂಡಳು. ದಿನವೂ ಕಾಳು ಹಾಕುವ ಕೈ ಅದು. ಕಪಿತಾನ ಕೊಸರಲಿಲ್ಲ, ಕಂಕುಳಲ್ಲಿ ಸುಮ್ಮನೆ ಕೂತ. ಗೋಣಿ ಕೊಯ್ಯುವ ಕತ್ತಿಯನ್ನು ಅವನ ಕುತ್ತಿಗೆಗೆ ಎಳೆದಳು. ರಕ್ತ ಬಂಗಾರದ ರಾಶಿಯ ಮೇಲೆ ಚಿಮ್ಮಿತು.

"ಬ್ಯಾಡ್ವೇ ಬಸಿಲಕ್ಕಾ! ಕೊಂದಾಕ್ತಾರೆ!" ಪಕ್ಕದಲ್ಲಿದ್ದ ಪುರೀಸಿಮಾ ಕಿರುಚಿದಳು.

"ಈಗ್ಲೂ ಅದನ್ನೇ ಅಲ್ವೇನೇ ಮಾಡ್ತಿರಾದು? ನಿದಾನಕ್ಕೆ."

ಪುಕ್ಕ ಕಿತ್ತಳು. ಎದೆಯ ಮೇಲಿನ ಕಾಳುಚೀಲ ಸೀಳಿದಳು. ಬೆಳಗ್ಗೆ ಅವಳೇ ಆರಿಸಿದ ಜೋಳ, ಹೊಳಪೂ ಮಾಸದೆ, ಅಂಗೈಗೆ ಸುರಿಯಿತು. ಈಲಿ ಕೆಂಪಗಿತ್ತು, ಮಿರಮಿರ ಮಿಂಚುತ್ತಿತ್ತು. ಕಾಳು, ಈಲಿ, ಮಾಂಸ ಎಲ್ಲವನ್ನೂ ಗೋದಾಮಿನ ಬಾಗಿಲ ಬಳಿ ಕೂಲಿಯವರ ಒಲೆಯ ಮೇಲೆ ಕುದಿಯುತ್ತಿದ್ದ ಮಡಕೆಗೆ ಹಾಕಿದಳು.

ಬಾಗಿಲಲ್ಲಿ ಪುಕ್ಕ ಹಾರಾಡುವುದು ಕಂಡು ಧಣಿ ಓಡಿಬಂದ. "ನನ್ನ ಕಪಿತಾನ! ಹಾದರಗಿತ್ತಿ, ನನ್ನ ಹುಂಜ!"

"ಪುಕ್ಕ ನಿಮ್ಮದು ಧಣಿ, ತಗೊಂಡೋಗಿ. ಒಳಗಿರಾದು ನಾನು ಆರಿಸಿದ್ದು."

ಹಿಂದೆಯೇ ಬಂದ ಗೋರಿಯೊ ಮಚ್ಚಿನ ಬೆನ್ನಿನಿಂದ ಅವಳ ಬಲಭುಜಕ್ಕೆ ಹೊಡೆದ. ಮೂಳೆ ಮುರಿದದ್ದು ಎಲ್ಲರಿಗೂ ಕೇಳಿಸಿತು. ಮಡಕೆ ತಿರುವುತ್ತಿದ್ದ ಸೌಟು ಕೈಯಿಂದ ಬಿತ್ತು. ಅವನು ಮತ್ತೆ ಮಚ್ಚೆತ್ತುವಷ್ಟರಲ್ಲಿ ಪುರೀಸಿಮಾ ಮೊರ ತುಂಬ ಇದ್ದ ಹಸಿರು ಬೂಷ್ಟನ್ನು ಅವನ ಮುಖಕ್ಕೆ ಎರಚಿದಳು. ಕಣ್ಣು ಹಿಡಿದುಕೊಂಡು ಅವನು ಕುಸಿದ. ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಮಡಕೆಯ ಸುತ್ತ ನಿಂತರು.

ಧಣಿ ಸೊಂಟದಿಂದ ಪಿಸ್ತೂಲು ತೆಗೆದ. "ಆ ಮಡಕೆ ಚೆಲ್ಲು!"

ಬಸಿಲಿಸಾ ಎಡಗೈಯಲ್ಲಿ ಸೌಟು ಎತ್ತಿಕೊಂಡಳು. ಬಲಗೈ ಜೋತಾಡುತ್ತಿತ್ತು. ಮೂಲೆಯಲ್ಲಿ ತೆರಿಂಗ್ ವಾಸನೆಗೆ ತಲೆ ಎತ್ತಿದ್ದಳು. ಪಿಸ್ತೂಲಿನ ಕುದುರೆ ಎಳೆದ ಸದ್ದು ಕೇಳಿತು. ಬಸಿಲಿಸಾ ಸೌಟಿನಿಂದ ಒಂದು ಕಾಳು ಎತ್ತಿ, ಮಡಕೆಯ ಕಂಠಕ್ಕೆ ಒತ್ತಿ ಹಿಚುಕಿ ನೋಡಿದಳು.

"ತಡೀರಿ," ಅಂದಳು. "ಇನ್ನೂ ಬೆಂದಿಲ್ಲ."