ಕೆಂಪು ಕಾರಿನ ವಾಸನೆ

ರಾಮಮೂರ್ತಿ ನಗರದ ಆ ಓಣಿಯಲ್ಲಿ ಬೆಳಗ್ಗೆ ಏಳಲು ಯಾರಿಗೂ ಅಲಾರಂ ಬೇಕಿರಲಿಲ್ಲ. ಮುತ್ತುರಾಜ ತನ್ನ ಕೆಂಪು ಕಾರಿನ ಕೀಲಿ ತಿರುಗಿಸಿದರೆ ಸಾಕು, ಪಕ್ಕದ ಮನೆಯ ಕೂಸು ಕಿಟಾರನೆ ಕಿರುಚುತ್ತಿತ್ತು. ನಾಯಿಗಳು ಮೂಲೆಯ ಅಂಗಡಿಯವರೆಗೆ ಓಡಿಹೋಗಿ, ಅಲ್ಲಿ ಧೈರ್ಯ ತಂದುಕೊಂಡು ಬೊಗಳುತ್ತಿದ್ದವು. ಒಂದೇ ಸಲಕ್ಕೆ ಹೊರಡುವ ಕಾರೂ ಅದಲ್ಲ. ಕೆಮ್ಮಿ, ನಿಂತು, ಮತ್ತೆ ಕೆಮ್ಮಿ, ಕಪ್ಪು ಹೊಗೆ ಕಕ್ಕಿ ಆಮೇಲೆ ಗುಡುಗುತ್ತಿತ್ತು. ಆ ಹೊಗೆ ಬೇರೆಲ್ಲೂ ಹೋಗದೆ ನೇರವಾಗಿ ಮೆಟ್ಟಿಲು ಹತ್ತಿ ಅವನ ಹೆಂಡತಿ ರುದ್ರಾಣಿಯ ಅಡಿಗೆಮನೆಗೆ ಬರುತ್ತಿತ್ತು. ಅವಳು ಚಪಾತಿಯ ಮೇಲೆ ತಟ್ಟೆ ಮುಚ್ಚಿ, ಹಾಲಿನ ಮೇಲೆ ತಟ್ಟೆ ಮುಚ್ಚಿ, ಕೊನೆಗೆ ಸೆರಗಿನಿಂದ ತನ್ನ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಆ ಕಾರನ್ನು ಇಪ್ಪತ್ತು ವರ್ಷದ ಹಿಂದೆ ಕಂಟೋನ್ಮೆಂಟಿನ ಯಾರೋ ಸಿರಿವಂತರ ಮಗ ರ‍್ಯಾಲಿಗೆಂದೇ ಮಾಡಿಸಿದ್ದನಂತೆ. ಎರಡೇ ಬಾಗಿಲು. ಹಿಂದಿನ ಕಿಟಕಿಯ ಗಾಜು ಇಳಿಯುವುದಿಲ್ಲ. ಬಾಗಿಲ ಮೇಲೆ ಅಳಿಸಿದರೂ ಅಳಿಯದ ಬಿಳಿ ನಂಬರು. ಓಟಕ್ಕೆ ಬೇಕೆಂದು ಡಿಕ್ಕಿಯೊಳಗೆ ದೊಡ್ಡದೊಂದು ಪೆಟ್ರೋಲ್ ಟ್ಯಾಂಕು ಕೂರಿಸಿದ್ದರು. ಅದಕ್ಕೂ ಹಿಂದಿನ ಸೀಟಿಗೂ ನಡುವೆ ಒಂದು ಪ್ಲೈವುಡ್ ಹಲಗೆ ಮಾತ್ರ. ರಾಣೆಬೆನ್ನೂರಿನಲ್ಲಿ ಹುಡುಗನಾಗಿದ್ದಾಗ ಹೈವೇ ಬದಿಯಲ್ಲಿ ನಿಂತು ರ‍್ಯಾಲಿ ಕಾರುಗಳ ಧೂಳು ಕುಡಿದಿದ್ದ ಮುತ್ತುರಾಜನಿಗೆ ಆ ಧೂಳು ಇನ್ನೂ ತಲೆಯಿಂದ ಇಳಿದಿರಲಿಲ್ಲ. ಈಗ ಇಂದಿರಾನಗರದ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ. ಎಲ್ಲರಂತೆ ಒಂದು ಸಣ್ಣ ಕಾರು ಕೊಳ್ಳುತ್ತಾನೆಂದು ರುದ್ರಾಣಿ ಕಾದಿದ್ದರೆ, ಅವನು ಇದನ್ನು ತಂದು ನಿಲ್ಲಿಸಿದ.

"ಇಂಥ ಇಂಜಿನ್ ಈಗ ದುಡ್ಡು ಕೊಟ್ರೂ ಸಿಗಲ್ಲ ಕಣೆ," ಅಂದಿದ್ದ.

"ಸಿಗದೇ ಇರೋದಕ್ಕೆ ಕಾರಣ ಇರುತ್ತಲ್ರೀ," ಅಂದಿದ್ದಳು ಅವಳು.

ಅದು ಅವನ ಕಿವಿಗೆ ಬೀಳಲಿಲ್ಲ. ಕಾರಿನ ಸದ್ದಿನ ಮುಂದೆ ಹೆಂಡತಿಯ ಮಾತು ಯಾವಾಗಲೂ ಕೇಳಿಸುತ್ತಿರಲಿಲ್ಲ.

ಒಮ್ಮೆಗೇ ನೂರು ದಾಟುವ ಆ ಕಾರು ದಿನಾ ಹೋಗಬೇಕಾದದ್ದು ಟಿನ್ ಫ್ಯಾಕ್ಟರಿ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ. ಅಲ್ಲಿ ನಡೆದು ಹೋಗುವವರು ಕಾರಿಗಿಂತ ಮುಂದೆ ಹೋಗುತ್ತಾರೆ. ನಿಂತಲ್ಲೇ ನಿಂತರೆ ಇಂಜಿನ್ ಕಾದು ಕುದಿಯುತ್ತದೆ. ಆ ಕಾವನ್ನು ಹೊರಗೆ ಹಾಕಲು ಮುತ್ತುರಾಜ ಒಳಗಿನ ಹೀಟರ್ ಹಾಕುತ್ತಿದ್ದ. ಏಪ್ರಿಲ್ ಬಿಸಿಲಲ್ಲಿ, ಕಾಲಿನ ಬುಡಕ್ಕೆ ಬಿಸಿಗಾಳಿ! ಆ ಗಾಳಿಯ ಜೊತೆ ಸುಟ್ಟ ಆಯಿಲ್ಲು, ಹಳೇ ರಬ್ಬರು, ಯಾವತ್ತೋ ಒಳಗೆ ಸತ್ತ ಇಲಿಯ ವಾಸನೆ, ಹಿಂದಿನಿಂದ ಪೆಟ್ರೋಲು. ಒಂದೆರಡು ಸಲ ಜೊತೆಗೆ ಹೋದ ರುದ್ರಾಣಿಗೆ ಹಲಸೂರು ಬರುವಷ್ಟರಲ್ಲಿ ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬಂದು ಕೂತಿತ್ತು.

ಅವಳದು ಹೋಗಲಿ, ಅವಳು ದೊಡ್ಡವಳು. ಹಿಂದಿನ ಸೀಟಿನಲ್ಲಿ ದಿನಾ ಕೂರುತ್ತಿದ್ದದ್ದು ಶೀತಲ್, ಎರಡನೇ ಕ್ಲಾಸಿನ ಮಗಳು. ಅವಳ ಶಾಲೆ ಹಲಸೂರಿನಲ್ಲಿ, ಅಪ್ಪನ ಆಫೀಸಿನಿಂದ ಸ್ವಲ್ಪವೇ ಮುಂದೆ. ಮಧ್ಯಾಹ್ನ ಓಣಿಯ ಮಕ್ಕಳ ಜೊತೆ ರಾಮಯ್ಯನ ಆಟೋದಲ್ಲಿ ನಗುನಗುತ್ತಾ ಬರುವ ಮಗು ಬೆಳಗ್ಗೆ ಮಾತ್ರ ಸಪ್ಪಗೆ ಹೋಗುತ್ತಿತ್ತು. "ಬಂತು ಅಪ್ಪ, ಬಂತು," ಅನ್ನುವಷ್ಟರಲ್ಲಿ ಇಡ್ಲಿಯೋ ದೋಸೆಯೋ ಯೂನಿಫಾರ್ಮಿನ ಮೇಲೆ. ಮುತ್ತುರಾಜ ಇಂಜಿನ್ ಒರೆಸುವ ಬಟ್ಟೆಯಲ್ಲೇ ಮಗುವಿನ ಬಾಯಿ ಒರೆಸಿ ಗೇಟಿನೊಳಗೆ ಬಿಡುತ್ತಿದ್ದ. ಸಂಜೆ ಆ ಯೂನಿಫಾರ್ಮ್ ಒಗೆಯುವಾಗ, ಕಾಲರಿನಲ್ಲಿ ಗ್ರೀಸಿನ ಕರಿ ಬೆರಳುಗುರುತು, ಒಣಗಿದ ವಾಂತಿ ಉಜ್ಜುವಾಗ, ರುದ್ರಾಣಿಗೆ ಗಂಡನ ಮೇಲೆ ಸಿಟ್ಟಲ್ಲ, ಹೇಸಿಗೆಯೇ ಬರುತ್ತಿತ್ತು.

"ಬೆಳಗ್ಗೇನೂ ರಾಮಯ್ಯನ ಆಟೋದಲ್ಲೇ ಹೋಗ್ಲಿ ಬಿಡ್ರಿ," ಎಂದು ಎಷ್ಟೋ ಸಲ ಹೇಳಿ ನೋಡಿದ್ದಳು.

"ಮನೆ ಮುಂದೆ ಕಾರಿಟ್ಕೊಂಡು ಮಗೂನ ಆಟೋದಲ್ಲಿ ತುರುಕಿದ್ರೆ ಜನ ಏನಂತಾರೆ? ರೂಢಿ ಆಗುತ್ತೆ ಸುಮ್ನಿರು. ನಿನಗೆ ಆಗಿಲ್ವಾ ಈಗ?"

ಅದು ನಿಜವಾಗಿತ್ತು. ಮೊದಲ ತಿಂಗಳು ಮೂಗು ಮುಚ್ಚಿಕೊಂಡು ಓಡಾಡಿದ್ದವಳಿಗೆ ಈಗ ಮನೆಯೊಳಗೆ ಅಂಥದ್ದೇನೂ ತಿಳಿಯುತ್ತಿರಲಿಲ್ಲ. ಹೊಗೆ ಬಂದಾಗ ಮಾತ್ರ ಕೈ ತಾನಾಗಿ ಸೆರಗಿಗೆ ಹೋಗುತ್ತಿತ್ತು.

ದಸರಾ ರಜೆ ಶುರುವಾಗುವ ಹಿಂದಿನ ದಿನ ಶೀತಲ್ ಆಟೋ ಇಳಿದವಳೇ ಮಂಚದ ಕೆಳಗೆ ಸೇರಿಕೊಂಡಳು. ರುದ್ರಾಣಿ ಅವಸರ ಮಾಡಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಕಡಲೆಕಾಯಿ ಸುಲಿಯತೊಡಗಿದಳು. ಸ್ವಲ್ಪ ಹೊತ್ತಿಗೆ ಒಂದು ಪುಟ್ಟ ಕೈ ಹೊರಗೆ ಬಂದು ಒಂದು ಕಾಯಿ ತೆಗೆದುಕೊಂಡಿತು. ಆಮೇಲೆ ದನಿಯೂ ಬಂತು.

"ಅಮ್ಮಾ, ನಾನು ಕ್ಲಾಸಿಗೆ ಹೋದ್ರೆ ಎಲ್ರೂ ಮೂಗು ಹಿಡ್ಕೋತಾರೆ. ಪೆಟ್ರೋಲ್ ಬಂಕ್ ಬಂತು, ಪೆಟ್ರೋಲ್ ಬಂಕ್ ಬಂತು ಅಂತಾರೆ. ಮಿಸ್ ಕೂಡ ನನ್ನ ಕೊನೇ ಬೆಂಚಿಗೆ ಹಾಕಿದ್ರು, ಕಿಟಕಿ ಹತ್ರ."

"ಯಾವಾಗಿಂದ ಪುಟ್ಟಾ?"

"ಯಾವಾಗಿಂದ್ಲೋ. ನಾನು ಇನ್ನ ಶಾಲೆಗೆ ಹೋಗಲ್ಲ."

ರುದ್ರಾಣಿ ಮಗಳನ್ನು ಹೊರಗೆಳೆದು ತೊಡೆಯ ಮೇಲೆ ಕೂರಿಸಿಕೊಂಡು ನೆತ್ತಿ ಮೂಸಿದಳು. ಕೊಬ್ಬರಿ ಎಣ್ಣೆಯ ವಾಸನೆ ಬಿಟ್ಟು ಬೇರೇನೂ ಇಲ್ಲ ಅನ್ನಿಸಿತು. 'ಹಾಳು ಹುಡುಗರು, ಇಲ್ಲದ್ದು ಹೇಳ್ತಾವೆ,' ಎಂದುಕೊಂಡಳು. ಆದರೂ ಅವತ್ತೇ ಸಂಜೆ ಆಟೋ ರಾಮಯ್ಯನನ್ನು ಕೇಳಿದಳು.

"ಬೆಳಗ್ಗೆ ಒಂದು ಸೀಟು ಖಾಲಿ ಐತೆ ಅಕ್ಕ," ಎಂದ ರಾಮಯ್ಯ. "ಆದ್ರೆ ಇನ್ನೊಬ್ರೂ ಕೇಳವ್ರೆ. ಹಬ್ಬದ ದಿನ ಸಾಯಂಕಾಲದೊಳಗೆ ಹೇಳ್ಬಿಡಿ. ಆಮೇಲೆ ನನ್ನ ಬೈಬೇಡಿ."

ರಜೆಯಲ್ಲಿ ಶೀತಲ್ ಕಾರು ಹತ್ತಲಿಲ್ಲ. ತಿಂದದ್ದು ಮೈಗೆ ಹತ್ತಿತು. ಕೆನ್ನೆಗೆ ಬಣ್ಣ ಬಂತು. ಹಬ್ಬಕ್ಕೆಂದು ರಾಣೆಬೆನ್ನೂರಿನಿಂದ ಬಂದಿದ್ದ ಅತ್ತೆ ಅಮೃತಮ್ಮ ಕೂಡ, "ಕೂಸು ಎರಡು ದಿನದಾಗ ಎಷ್ಟು ಚಲೋ ಆತವಾ!" ಅಂದರು. ಮಗು ಮಾತ್ರ ರಾತ್ರಿ ಮಲಗುವಾಗ ದಿನಾ ಒಂದೇ ಪ್ರಶ್ನೆ ಕೇಳುತ್ತಿತ್ತು: "ರಜೆ ಮುಗಿದ್ಮೇಲೆ ಅಪ್ಪನ ಕಾರಲ್ಲೇ ಹೋಗ್ಬೇಕಾ?"

ರುದ್ರಾಣಿ ಹೊದಿಕೆ ಎಳೆದು ಹೊದಿಸಿ ಬೆನ್ನು ತಟ್ಟುತ್ತಿದ್ದಳು. ಗಂಡನ ಹತ್ತಿರ ಮತ್ತೆ ಮಾತೆತ್ತಿದಾಗ ಅವನು ನಕ್ಕುಬಿಟ್ಟಿದ್ದ. "ಮೊನ್ನೆ ತಾನೆ ಶಿವಾಜಿನಗರದಲ್ಲಿ ಶಫಿ ಹತ್ರ ಸರ್ವಿಸ್ ಮಾಡಿಸ್ಕೊಂಡು ಬಂದಿದೀನಿ. ಶಫಿ ಏನಂದ ಗೊತ್ತಾ? 'ಸಾರ್, ಎ ಗಾಡಿ ನೈ, ಶೇರ್ ಹೈ' ಅಂದ. ಗಾಡಿ ಅಲ್ವಂತೆ, ಹುಲಿ ಅಂತೆ, ಹುಲಿ!"

"ಹುಲಿ ಬಾಯಿ ವಾಸನೆ ಅವನಿಗೇನು ಗೊತ್ತು? ಮಗೂನ ಅದರ ಹೊಟ್ಟೇಲಿ ಕೂರಿಸೋರು ನಾವು," ಅಂದಳು ರುದ್ರಾಣಿ.

ಆಯುಧಪೂಜೆ ಬಂತು. ಓಣಿಯಲ್ಲಿ ಸೈಕಲ್ಲು, ಸ್ಕೂಟರು, ರಾಮಯ್ಯನ ಆಟೋ ಎಲ್ಲವೂ ಮಿಂದು ಚೆಂಡುಹೂವು ಮುಡಿದು ನಿಂತವು. ಮುತ್ತುರಾಜ ಬೆಳಗ್ಗೆಯೇ ಪಂಚೆ ಎತ್ತಿ ಕಟ್ಟಿ, ಮನೆ ಮಾಲೀಕ ಚನ್ನಪ್ಪನವರ ನಲ್ಲಿಗೆ ಪೈಪು ಸಿಕ್ಕಿಸಿ ಕಾರು ತೊಳೆದ. ಅಷ್ಟಕ್ಕೇ ಬಿಡಲಿಲ್ಲ. ಬಾನೆಟ್ ಎತ್ತಿ ಇಂಜಿನ್ನಿಗೂ ಅಭಿಷೇಕ ಮಾಡಿದ. ಕಪ್ಪು ಜಿಡ್ಡು ಕರಗಿ, ಹರಿದು, ರುದ್ರಾಣಿ ನಸುಕಿನಲ್ಲಿ ಬಿಟ್ಟಿದ್ದ ರಂಗೋಲಿಯ ಅರ್ಧ ನುಂಗಿತು. ಅವಳು ನೋಡಿ ಮುಖ ತಿರುಗಿಸಿದಳು. ಹೂ ಏರಿಸಿ, ವಿಭೂತಿ ಪಟ್ಟೆ ಬಳಿದು, ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು ಮುತ್ತುರಾಜ ಕೀಲಿ ತಿರುಗಿಸಿದ. ಆರತಿಯಾದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಹಲಸೂರಿನ ದೇವಸ್ಥಾನಕ್ಕೆ ಹೋಗಿಬರುವುದು ಅವನ ಲೆಕ್ಕ.

ಕಾರು ಕೆಮ್ಮಿತು. ಮತ್ತೆ ತಿರುಗಿಸಿದ, ಆಕ್ಸಿಲರೇಟರ್ ತುಳಿದ, ತುಳಿದೇ ತುಳಿದ. ಈ ಸಲ ಕೆಮ್ಮೂ ಇಲ್ಲ.

"ನೀರು ಕುಡಿಸಿದ್ದು ಜಾಸ್ತಿ ಆಯ್ತು ಮುತ್ತುರಾಜ್," ಎಂದರು ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿದ್ದ ಚನ್ನಪ್ಪ. "ಈಗ ತಳ್ಳಿದ್ರೆ ನಿಂಬೆಹಣ್ಣಾದ್ರೂ ಜಜ್ಜುತ್ತೆ. ಒಂದು ಲೋಟ ಹಿಡೀರಿ, ಶರಬತ್ತು ಕುಡಿದು ಮನೆಗೆ ಹೋಗೋಣ."

ಓಣಿ ಗೊಳ್ಳೆಂದು ನಕ್ಕಿತು. ಮುತ್ತುರಾಜನ ಮುಖ ಕಾರಿನ ಬಣ್ಣಕ್ಕೆ ತಿರುಗಿತು. "ಸ್ವಲ್ಪ ಒಣಗಿದ್ರೆ ಸರಿಹೋಗುತ್ತೆ ಸಾರ್," ಎಂದು ಬಾನೆಟ್ಟನ್ನು ತೆರೆದೇ ಬಿಟ್ಟು, "ರುದ್ರಾ, ಆರತಿ ತಾ. ಮುಹೂರ್ತ ಮೀರೋದು ಬೇಡ. ಇಂಜಿನ್ನಿಗೇ ಬೆಳಗಿಬಿಡ್ತೀನಿ," ಎಂದ.

ರುದ್ರಾಣಿ ತಟ್ಟೆ ತಂದಳು. ಅತ್ತೆ ಕಾರಿನ ಮುಂದಿನ ಬಂಪರಿಗೆ ಊದುಬತ್ತಿ ಸಿಕ್ಕಿಸಿ ಕರ್ಪೂರ ಹಚ್ಚಿದರು. ಶೀತಲ್ ಹೊಸ ಲಂಗ ಉಟ್ಟು ಗಂಟೆ ಬಾರಿಸುತ್ತಾ ಮೆಟ್ಟಿಲ ಮೇಲೆ ನಿಂತಿದ್ದಳು. ಮುತ್ತುರಾಜ ತಟ್ಟೆ ಇಸಿದುಕೊಂಡು, ಕಣ್ಣು ಮುಚ್ಚಿ ಒಂದು ಕ್ಷಣ ಪ್ರಾರ್ಥಿಸಿ, ಕಾರಿನತ್ತ ಹೆಜ್ಜೆ ಇಟ್ಟ. "ಹತ್ರ ಬಾ ಪುಟ್ಟಿ, ಜೋರಾಗಿ ಬಾರಿಸು," ಎಂದು ಮಗಳನ್ನು ಕರೆದ.

ಮಗು ಕೆಳಗಿಳಿದು ಹತ್ತಿರ ಬಂತು. ಗಂಟೆ ನಿಂತಿತು.

ರುದ್ರಾಣಿ ತಿರುಗಿ ನೋಡಿದಳು. ಶೀತಲ್‌ಳ ಮುಖ ಬಿಳಿಚಿಕೊಂಡಿತ್ತು. ಒಂದು ಕೈಯಿಂದ ಮೂಗು ಒತ್ತಿ ಹಿಡಿದಿದ್ದಳು. "ಅಮ್ಮಾ, ಬಂತು," ಎಂದಳು. "ಕಾರಿನೊಳಗೆ ಬರುತ್ತಲ್ಲ, ಅದಕ್ಕಿಂತ ಜಾಸ್ತಿ ವಾಸನೆ."

"ಹಬ್ಬದ ದಿನಾನೂ ಶುರು ಮಾಡಿದ್ಯಾ?" ಎಂದ ಮುತ್ತುರಾಜ. "ಕಾರು ಅಂದ್ಮೇಲೆ ವಾಸನೆ ಇರಲ್ವಾ?"

ರುದ್ರಾಣಿ ಉಸಿರೆಳೆದು ನೋಡಿದಳು. ಅವಳಿಗೆ ಊದುಬತ್ತಿ, ಕರ್ಪೂರ, ಹೂವು ಮಾತ್ರ. ಬೇರೇನೂ ಇಲ್ಲ. ಮಗಳ ನೆತ್ತಿಯಲ್ಲೂ ಅವತ್ತು ಏನೂ ಇರಲಿಲ್ಲ. ತರಗತಿಯ ಅಷ್ಟು ಮಕ್ಕಳಿಗೆ ತಿಳಿದ ವಾಸನೆ ತಾಯಿಗೆ ತಿಳಿದಿರಲಿಲ್ಲ! ಅದು ಹೊಳೆದದ್ದೇ ಅವಳ ಕಣ್ಣು ಮಗುವಿನ ಕಾಲ ಬಳಿ ಹೋಯಿತು. ಇಂಜಿನ್ನಿನ ಹೊಟ್ಟೆಯಿಂದ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ತೊಳೆದ ನೀರೆಂದು ಎಲ್ಲರೂ ದಾಟಿಕೊಂಡು ಓಡಾಡಿದ್ದ ಆ ನೀರಿನ ಮೇಲೆ ನೇರಳೆ, ಹಸಿರು ಬಣ್ಣಗಳು ಜಾರುತ್ತಾ ಹೊಸ ಲಂಗದ ಅಂಚಿನವರೆಗೆ ಬಂದಿದ್ದವು. ಅದರ ನೇರಕ್ಕೆ ಮುತ್ತುರಾಜ ಉರಿಯುವ ತಟ್ಟೆ ಎತ್ತಿದ್ದ.

ಅವಳು ಕೂಗಲಿಲ್ಲ. ಎರಡು ಹೆಜ್ಜೆಗೆ ಗಂಡನ ಹತ್ತಿರ ಹೋಗಿ, ಎಡಗೈಯಲ್ಲಿ ತಟ್ಟೆ ಹಿಡಿದು, ಬಲಗೈಯನ್ನು ಉರಿಯುವ ಕರ್ಪೂರದ ಮೇಲೆ ಬೋರಲು ಒತ್ತಿದಳು. ಚುರ್ ಎಂದಿತು. ಆರತಿ ಆರಿತು.

"ಯವ್ವಾ! ಆರತಿ ಆರಿಸಿದ್ಯಲ್ಲವಾ!" ಅಮೃತಮ್ಮ ಎದೆ ಹಿಡಿದುಕೊಂಡರು. "ಹಬ್ಬದ ದಿನ ದೀಪ ಆರಿಸ್ತಾರೇನ? ನಿನಗೇನು ತಲಿ ಕೆಟ್ಟೈತೇನ?"

"ಅತ್ತೆ, ಮಗೂನ ಎತ್ಕೊಂಡು ಒಳಗ್ ಹೋಗಿ," ಎಂದಳು ರುದ್ರಾಣಿ. "ಚನ್ನಪ್ಪನೋರೇ, ಆ ಊದುಬತ್ತಿ ಕಿತ್ತು ದೂರ ಹಾಕಿ. ಕೆಳಗೆಲ್ಲ ಪೆಟ್ರೋಲು."

ಚನ್ನಪ್ಪ ಪೇಪರ್ ಬಿಸಾಕಿ ಓಡಿದರು. ಊದುಬತ್ತಿಗಳನ್ನು ಕಿತ್ತು ಬಕೆಟ್ಟಿನ ನೀರಿಗೆ ಅದ್ದಿ, ಬಗ್ಗಿ ನೋಡಿ ಎದ್ದರು. ಈ ಸಲ ಅವರು ತಮಾಷೆ ಮಾಡಲಿಲ್ಲ. "ಪೆಟ್ರೋಲ್ ಪೈಪೇ ಬಿಟ್ಕೊಂಡಿದೆ. ಎಣ್ಣೆ ಬಾಣಲಿಯಂಗೆ ಹೊತ್ಕೊಂಡಿರೋದಲ್ರೀ," ಎಂದರು ಅಷ್ಟೇ. ಓಣಿಯೂ ನಗಲಿಲ್ಲ. ಮುತ್ತುರಾಜ ಆರಿದ ತಟ್ಟೆ ಹಿಡಿದುಕೊಂಡು, ಮೂಗು ಅರಳಿಸಿ ಅರಳಿಸಿ ಮೂಸುತ್ತಿದ್ದ.

"ನಂಗೆ ಏನೂ ಬರ್ತಾನೇ ಇಲ್ವಲ್ಲ," ಎಂದ, ಮೆಲ್ಲಗೆ.

"ನಂಗೂ ಬರ್ಲಿಲ್ಲ," ಎಂದಳು ರುದ್ರಾಣಿ. "ಅಷ್ಟು ಹೇಸಿಗೆ ಆಗಿದೀವಿ ನಾವಿಬ್ರೂ."

ಸುಟ್ಟ ಅಂಗೈಗೆ ಅತ್ತೆ ಬೈಯುತ್ತಲೇ ತುಪ್ಪ ಹಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಬೈಯುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಂಡರು. ಸಂಜೆಯಾಗುವ ಮೊದಲೇ ರುದ್ರಾಣಿ ಅದೇ ಕೈಗೆ ಬಟ್ಟೆ ಸುತ್ತಿಕೊಂಡು ಓಣಿಯ ತುದಿಗೆ ಹೋಗಿ ಬೆಳಗಿನ ಸೀಟು ಮಗಳಿಗೇ ಇರಲಿ ಎಂದು ರಾಮಯ್ಯನಿಗೆ ಹೇಳಿ ಬಂದಳು. ಗಂಡನನ್ನು ಕೇಳಲಿಲ್ಲ.

ಶಾಲೆ ಶುರುವಾದ ದಿನ ಆಟೋ ಬಂದು ನಿಂತಾಗ ಮುತ್ತುರಾಜನೂ ಕೀಲಿ ಹಿಡಿದು ಕೆಳಗೆ ನಿಂತಿದ್ದ. ಶಫಿ ಬಂದು ಏನೋ ಬಿಗಿದು ಹೋಗಿದ್ದ. "ಈಗ ತೊಟ್ಟು ಕೂಡ ಬೀಳಲ್ಲ ಕಣೆ. ಇವತ್ತು ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು," ಎಂದ.

ಶೀತಲ್ ಅಮ್ಮನ ಮುಖ ನೋಡಿದಳು. ರುದ್ರಾಣಿ ಬ್ಯಾಗನ್ನು ಎತ್ತಿ ಆಟೋದೊಳಗಿಟ್ಟು ಮಗಳನ್ನು ಹತ್ತಿಸಿದಳು.

"ಜನ ನೋಡ್ತಿದಾರೆ," ಎಂದ ಮುತ್ತುರಾಜ.

"ನೋಡ್ಲಿ."

ಮಧ್ಯಾಹ್ನ ಮಗು ಬಂದಾಗ ರಿಬ್ಬನ್ನು ಕಟ್ಟಿದ ಹಾಗೇ ಇತ್ತು. ಡಬ್ಬಿ ಖಾಲಿಯಾಗಿತ್ತು. "ಮಿಸ್ ಇನ್ನೂ ಕೊನೇ ಬೆಂಚಲ್ಲೇ ಕೂರಿಸಿದಾರೆ, ಆದ್ರೆ ಯಾರೂ ಮೂಗು ಹಿಡ್ಕೊಳ್ಳಿಲ್ಲ," ಎಂದು ವರದಿ ಒಪ್ಪಿಸಿ ಆಡಲು ಓಡಿತು. ರುದ್ರಾಣಿ ಯೂನಿಫಾರ್ಮ್ ಎತ್ತಿ ಮೂಸಿದಳು. ಸೀಮೆಸುಣ್ಣ, ಬೆವರು, ಉಪ್ಪಿನಕಾಯಿ. ಮಕ್ಕಳ ವಾಸನೆ. ಅದನ್ನು ಒಗೆಯಲು ಹಾಕಿ ಬೀರುವಿನ ಬಾಗಿಲು ತೆಗೆದಾಗ ಒಳಗಿನಿಂದ ಇನ್ನೊಂದು ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಗಂಡನ ಶರ್ಟುಗಳು, ಅವಳ ರೇಷ್ಮೆ ಸೀರೆ, ಹೊದಿಕೆ, ಎಲ್ಲದರಲ್ಲೂ ಅದೇ. ಇಷ್ಟು ದಿನ ಇದರಲ್ಲೇ ಮಲಗಿ ಎದ್ದಿದ್ದೆವಲ್ಲ ಎಂದುಕೊಂಡಳು. ಮಲಗುವ ಕೋಣೆಯ ಪರದೆ ಸಹಿತ ಕಿತ್ತು, ಮನೆಯಲ್ಲಿದ್ದ ಬಕೆಟ್ಟುಗಳಲ್ಲೆಲ್ಲ ಸೋಪಿನಪುಡಿ ಕದಡಿ ನೆನೆಹಾಕಿದಳು.

ಸಂಜೆ ಓಣಿಯ ನಾಯಿಗಳು ಮೂಲೆ ಅಂಗಡಿಯ ಕಡೆ ಓಡಿದವು. ಮುತ್ತುರಾಜ ಮೆಟ್ಟಿಲು ಹತ್ತಿ ಬಂದಾಗ ರುದ್ರಾಣಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಕಾಲ ಬಳಿ ಒಂದು ಬಕೆಟ್ಟಿತ್ತು.

"ಶರ್ಟು ಪ್ಯಾಂಟು ಇಲ್ಲೇ ಬಿಚ್ಚಿ ಇದರಲ್ಲಿ ಹಾಕಿ," ಎಂದು ಒಂದು ಲುಂಗಿ ಅವನ ಕೈಗೆಸೆದಳು. "ಆಮೇಲೆ ಒಳಗೆ ಬನ್ನಿ."