ಸುನ್ವಾಳ ಕಾಲ್ಗುಣ

ದ್ವೀಪದ ಪುಟ್ಟ ಊರು ಸ್ಕಾರ್ವಿಕ್‌ನ ಫುಟ್ಬಾಲ್ ತಂಡ ಯುರೋಪಿನ ಪಂದ್ಯ ಆಡುವ ದಿನ ಸುನ್ವಾ ಟೀವಿಯ ಮುಂದೆ ಕೂರುವಂತಿರಲಿಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಬರೆದಿಡುವ ಅಗತ್ಯವೂ ಬಿದ್ದಿರಲಿಲ್ಲ. ದಕ್ಕೆಯ ಮೇಲೆ ದೋಣಿಗಳನ್ನಿಡುವ ದೋಣಿಮನೆಯಲ್ಲಿ ಊರೆಲ್ಲ ಸೇರಿ ಆಟ ನೋಡುವಾಗ ಅವಳು ಬಾಗಿಲಲ್ಲಿ ಕಾಣಿಸಿದರೆ ಸಾಕು, ಬೆಂಚುಗಳ ಮೇಲಿನ ತಲೆಗಳೆಲ್ಲ ಒಟ್ಟಿಗೇ ಹಿಂದಕ್ಕೆ ತಿರುಗುತ್ತಿದ್ದವು.

ಇದು ಶುರುವಾದದ್ದು ಅವಳು ಚಿಕ್ಕವಳಿದ್ದಾಗ. ಒದ್ದೆ ಕೋಟಿನಲ್ಲೇ ಅಮ್ಮನನ್ನು ಹುಡುಕಿಕೊಂಡು ಒಳಗೆ ಬಂದಳು. ಬಾಗಿಲು ಹಾಕಿ ತಿರುಗುವಷ್ಟರಲ್ಲಿ ಎದುರಾಳಿಗಳು ಗೋಲು ಹೊಡೆದಿದ್ದರು. ಮರುವರ್ಷ ಮರೆತುಹೋದ ಟೋಪಿ ಒಯ್ಯಲು ಬಂದಳು, ಮತ್ತೆ ಗೋಲು. ಇನ್ನೊಮ್ಮೆ ಬಂದಾಗ ನಮ್ಮ ಗೋಲ್‌ಕೀಪರನ ಕೈಯಿಂದಲೇ ಚೆಂಡು ಜಾರಿ ಬಲೆ ಸೇರಿತು. ಅಭಿಮಾನಿಗಳ ಸಂಘಕ್ಕೆ ಹಿರಿಯನಾಗಿದ್ದ ಅವಳ ಸೋದರಮಾವ ಹೈನಿ ಎದ್ದು ನಿಂತು, ಸಿಟ್ಟಿಲ್ಲದೆ, ತೀರ್ಪು ಕೊಟ್ಟುಬಿಟ್ಟ: "ಕೂಸೇ, ನಿನ್ನ ಕಂಡ್ರೆ ನಮಗೆಲ್ಲ ಪ್ರೀತಿ. ಆದ್ರೆ ನಿನ್ನ ಕಾಲ್ಗುಣ ಮಾತ್ರ ನಮ್ಮ ತಂಡಕ್ಕೆ ಆಗಿಬರಲ್ಲ."

ಎಲ್ಲರೂ ನಕ್ಕರು. ಸುನ್ವಾಳೂ ನಕ್ಕಳು. ಆಮೇಲೆ ಅವಳು ಬೆಳೆದಳು, ರಾಜಧಾನಿಗೆ ಹೋಗಿ ಪದವಿ ಮುಗಿಸಿ ಬಂದಳು. ನಗು ಹಳೆಯದಾಯಿತು, ಕಟ್ಟಳೆ ಮಾತ್ರ ಹಾಗೇ ಉಳಿಯಿತು. ಆಟದ ದಿನ ದೋಣಿಮನೆಯ ಹಿಂದಿನ ಅಡುಗೆಕೋಣೆಯಲ್ಲಿ ವಾಫಲ್ ಹುಯ್ಯುತ್ತಾ, ಗೋಡೆಯಾಚೆಯ ಕೂಗುಗಳಿಂದಲೇ ಆಟ ಎತ್ತ ಸಾಗಿದೆಯೆಂದು ಊಹಿಸುವುದನ್ನು ಕಲಿತಳು. ಮೊದಲೇ ಮಾತು ಕಡಿಮೆಯ ಹುಡುಗಿ, ಅವಳಿಗೇನೂ ಬೇಸರವಿಲ್ಲ ಎಂದು ಎಲ್ಲರೂ ತಿಳಿದಿದ್ದರು.

ಈ ವರ್ಷ ಅವಳ ತಮ್ಮ ರೋಯಿ ತಂಡದ ಗೋಲ್‌ಕೀಪರನಾದ. ಹುಡುಗನಾಗಿದ್ದಾಗ ಅವನ ಎದುರು ಚೆಂಡು ಒದೆಯಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ; ದೋಣಿಮನೆಯ ಗೋಡೆಯನ್ನೇ ಗೋಲು ಮಾಡಿಕೊಂಡು ಅವಳೇ ಒದೆಯುತ್ತಿದ್ದಳು. ಈ ಗುರುವಾರ ಆಟ ಸ್ವೀಡನ್‌ನಲ್ಲಿ, ಮುಂದಿನ ಗುರುವಾರ ಅದೇ ತಂಡದ ಜೊತೆ ನಮ್ಮೂರಿನಲ್ಲಿ. ಆ ದಿನ ಮೈದಾನದಲ್ಲಿ ತಮ್ಮನ ಹಿಂದೆ ನಿಂತು ನೋಡಬೇಕು. ಸುನ್ವಾಳಿಗೆ ಬೇಕಾಗಿದ್ದದ್ದು ಅಷ್ಟೇ. ಮಾವನಿಗೆ ಹೇಳಬೇಕೆಂದು ವಾರವಿಡೀ ಬಾಯಿ ತೆರೆಯುವುದು, ಮುಚ್ಚುವುದು ನಡೆದೇ ಇತ್ತು.

ಗುರುವಾರ ಸಂಜೆ ಬಟ್ಟಲುಗಳನ್ನು ಜೋಡಿಸುತ್ತಿದ್ದವಳ ಹತ್ತಿರ ಹೈನಿಯೇ ಬಂದ.

"ಇವತ್ತು ಅಡುಗೆಕೋಣೆನೂ ಬೇಡ ಕಣಮ್ಮ. ಹೋದ ವರ್ಷ ಇಲ್ಲಿದ್ದೆ, ಸೋತ್ವಿ. ಗೋಡೆ ತೆಳ್ಳಗಿದೆ ಅನ್ಸುತ್ತೆ."

"ಕಲ್ಲಿನ ಗೋಡೆ ಮಾಮ."

"ಇದ್ರೂ..."

ಮೀನಿನ ಕಾರ್ಖಾನೆಯ ಲಾರಿ ಓಡಿಸುವ ಹಾನುಸ್ ಬಾಗಿಲಿನಿಂದಲೇ ಕೂಗಿದ: "ಐಸ್‌ಲ್ಯಾಂಡಿಗೆ ಕಳಿಸ್ಬಿಡೋ ಹೈನಿ! ಹಡಗಿನ ಟಿಕೆಟ್ ನಾನು ಕೊಡಿಸ್ತೀನಿ!"

ಎಲ್ಲರೂ ನಕ್ಕರು. ಅಮ್ಮ ಮಾತ್ರ ಮೆಲ್ಲಗೆ ಬಂದು ಮಗಳ ತೋಳು ಮುಟ್ಟಿದಳು. "ತಮ್ಮನಿಗೋಸ್ಕರ ಹೋಗೇ. ಹೇಗೂ ಮೇಲಿನ ಹೊಲದಲ್ಲಿ ಹುಲ್ಲು ಒಣಗೋಕೆ ತಿರುವಿ ಹಾಕೋದಿದೆ, ಬಿಸಿಲೂ ಇದೆ."

ಸುನ್ವಾ ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿದಳು.

ಊರೆಲ್ಲ ಕೆಳಗೆ ಸೇರಿತ್ತು. ಏರುದಾರಿಯಲ್ಲಿ ಒಂದು ಕಾರಿಲ್ಲ, ಒಬ್ಬ ಮನುಷ್ಯನಿಲ್ಲ. ಕುರಿಗಳು ರಸ್ತೆ ನಡುವೆ ಮಲಗಿ ಮೆಲುಕು ಹಾಕುತ್ತಿದ್ದವು, ಅವಳಿಗಾಗಿ ಏಳಲೂ ಇಲ್ಲ. ಜುಲೈಯ ಸಂಜೆ, ಈ ಉತ್ತರದ ನಾಡಿನಲ್ಲಿ ಸೂರ್ಯ ಇನ್ನೂ ಎತ್ತರದಲ್ಲೇ ಇದ್ದ, ಕೊಲ್ಲಿಯ ನೀರು ಅಲುಗದೆ ಬಿದ್ದುಕೊಂಡಿತ್ತು. ಅವಳು ಹುಲ್ಲನ್ನು ತಿರುವಿ ಹಾಕತೊಡಗಿದಳು. ಕೆಳಗಿನಿಂದ ಆಗಾಗ ಕೂಗು ಏರಿಬರುತ್ತಿತ್ತು, ಆದರೆ ಇಷ್ಟು ದೂರಕ್ಕೆ ಅದು ಸಂತೋಷದ್ದೋ ಸಂಕಟದ್ದೋ ತಿಳಿಯುತ್ತಿರಲಿಲ್ಲ. ಅಡುಗೆಕೋಣೆಯೇ ವಾಸಿಯಾಗಿತ್ತು ಅನ್ನಿಸಿತು.

ಹೊಲದಂಚಿನ ಮನೆಯ ಕಿಟಕಿ ತೆರೆದಿತ್ತು. ಒಳಗೆ ಮಾಲನ್ ಅಜ್ಜಿ, ಕಣ್ಣಿಗೆ ಪೊರೆ, ದಕ್ಕೆಗೆ ಇಳಿಯಲು ಕಾಲಿನಲ್ಲಿ ಬಲವಿಲ್ಲ.

"ಯಾರದು ಹುಲ್ಲಲ್ಲಿ? ಸುನ್ವಾನಾ? ಬಾ ಇಲ್ಲಿ. ಅರ್ಧ ಆಟ ಮುಗೀತು, ಯಾರೂ ಗೋಲು ಹೊಡೆದಿಲ್ಲ. ಈ ಟೀವಿಯವನು ಬರೀ ಸ್ವೀಡನ್‌ನವರ ಹೆಸರೇ ಹೇಳ್ತಾನೆ. ನಂಗೆ ಕಾಣೋದು ಹಸಿರು ಒಂದೇ."

"ಅಜ್ಜಿ, ನಾನು ಆಟ ನೋಡಬಾರದು."

"ನೋಡ್ಬೇಡ. ನಂಗೆ ಹೇಳು."

"ನೋಡ್ದೆ ಹೇಗೆ ಹೇಳ್ಲಿ?"

"ಅದು ನಿನಗೆ ಬಿಟ್ಟಿದ್ದು. ನನ್ನ ಕಣ್ಣು ಮಂಜು, ನೀನು ನೋಡಿದ್ಯೋ ಬಿಟ್ಯೋ ನಂಗೇನು ಗೊತ್ತಾಗುತ್ತೆ?"

ಸುನ್ವಾ ಹೊಸ್ತಿಲಲ್ಲಿ ನಿಂತಳು. ಆಮೇಲೆ ಒಂದು ಹೆಜ್ಜೆ ಒಳಗಿಟ್ಟಳು. ಟೀವಿಯಲ್ಲಿ ದೂರದಿಂದ ರೋಯಿ ಹಳದಿ ಅಂಗಿಯ ಪುಟ್ಟ ಚುಕ್ಕೆಯಂತೆ ಕಂಡ. ಏನೂ ಆಗಲಿಲ್ಲ. ಮತ್ತೂ ಏನೂ ಆಗಲಿಲ್ಲ. ಅವಳು ಕುರ್ಚಿಯ ಅಂಚಿನಲ್ಲಿ ಕೂತು, ಚೆಂಡು ಯಾರಿಂದ ಯಾರಿಗೆ ಹೋಯಿತೆಂದು ಮೆಲುದನಿಯಲ್ಲಿ ಹೇಳುತ್ತಾ ಹೋದಳು. ಒಂದು ಕಾರ್ನರ್ ಸಿಕ್ಕಿತು. ಊರಲ್ಲಿ ಬಡಗಿ ಕೆಲಸ ಮಾಡುವ ಯಾಸ್ಪರ್ ಎಲ್ಲರಿಗಿಂತ ಮೇಲೆ ಜಿಗಿದ. ಸುನ್ವಾಳ ಮಾತು ನಿಂತಿತು.

"ಏನಾಯ್ತೇ?"

"ಗೋಲು."

"ಯಾರ್ದು?"

"ನಮ್ದು ಅಜ್ಜಿ. ನಮ್ದೇ."

ಕೆಳಗೆ ದಕ್ಕೆ ಇನ್ನೂ ತಣ್ಣಗಿತ್ತು. ದೋಣಿಮನೆಯವರು ಆಟವನ್ನು ಇಂಟರ್ನೆಟ್ಟಿನಲ್ಲಿ ನೋಡುತ್ತಿದ್ದರು, ಅಲ್ಲಿ ಎಲ್ಲವೂ ತುಸು ತಡ. ಅವಳು ಕಿಟಕಿಯತ್ತ ತಿರುಗಿ ಕಾದಳು. ಆಮೇಲೆ ಕೂಗು ಭುಗಿಲೆಂದಿತು. ಊರಿಗಿಂತ ಮೊದಲು ಗೋಲನ್ನು ಕಂಡವಳು ತಾನು!

ಕೊನೆಕೊನೆಗೆ ಸ್ವೀಡನ್‌ನವರಿಗೆ ಪೆನಾಲ್ಟಿ ಸಿಕ್ಕಿತು. ಆಯಿತು, ತನ್ನಿಂದಲೇ ಆಯಿತು. ಸುನ್ವಾ ಎದ್ದು ಬಾಗಿಲಿಗೆ ನಡೆದಳು.

"ಎಲ್ಲಿಗೆ ಹೊರಟೆ? ನಂಗೆ ಯಾರು ಹೇಳ್ತಾರೆ?"

"ಅಜ್ಜಿ, ಗೋಲಲ್ಲಿರೋದು ನನ್ನ ತಮ್ಮ."

"ಅದಕ್ಕೇ ಕೇಳ್ತಿರೋದು."

ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟೇ ಅವಳು ಹಿಂದಿರುಗಿ ನೋಡಿದಳು. ರೋಯಿ ಎಡಗೈಯ ಗ್ಲೌಸನ್ನು ಹಲ್ಲಿನಿಂದ ಎಳೆದು ಬಿಗಿಮಾಡಿಕೊಂಡ. ಗೋಡೆಯ ಮುಂದೆ ನಿಲ್ಲುತ್ತಿದ್ದ ದಿನಗಳಿಂದಲೂ ಅದೇ ಅಭ್ಯಾಸ. ಅವನು ಬಲಕ್ಕೆ ಹಾರಿದ, ಚೆಂಡು ನಡುವಿಗೆ ಬಂತು. ಹಿಂದೆ ಉಳಿದಿದ್ದ ಕಾಲಿಗೆ ಬಡಿದು ಗೋಲಿನ ಅಡ್ಡಕಂಬದ ಮೇಲಿಂದ ಹಾರಿ ಹೋಯಿತು.

"ತಡೆದ," ಎಂದಳು ಸುನ್ವಾ. ಅಜ್ಜಿಯ ಕಿವಿಯ ಹತ್ತಿರ ಬಂದು ಇನ್ನೊಮ್ಮೆ ಹೇಳಿದಳು.

ಮುಗಿಯುವ ಹೊತ್ತಿಗೆ ಇನ್ನೊಂದು ಗೋಲೂ ಬಂತು. ಎರಡು, ಸೊನ್ನೆ. ಸ್ವೀಡನ್‌ನವರದೇ ನೆಲದಲ್ಲಿ.

ಅವಳು ಇಳಿದು ಬರುವಾಗ ಬಂದರಿನ ದೋಣಿಗಳೆಲ್ಲ ಹಾರ್ನು ಹಾಕುತ್ತಿದ್ದವು. ಕುರಿಗಳು ರಸ್ತೆ ಬಿಟ್ಟು ಓಡಿದ್ದವು. ದೋಣಿಮನೆಯ ಮುಂದೆ ಜನ ಕೈಕೈ ಹಿಡಿದು ಸಾಲಾಗಿ ಹೆಜ್ಜೆ ಹಾಕುತ್ತಿದ್ದರು. ಹೈನಿ ಸಾಲು ಬಿಟ್ಟು ಓಡಿ ಬಂದು ಅವಳನ್ನು ತಬ್ಬಿಕೊಂಡ. ಅವನ ಗಡ್ಡ ಒದ್ದೆಯಾಗಿತ್ತು, ಬಿಯರಿಗೋ ಕಣ್ಣೀರಿಗೋ.

"ನಿನ್ನಿಂದಲೇ ಕಣೇ ಇದು! ನೀನು ಅಷ್ಟು ದೂರ ಹೋದದ್ದಕ್ಕೇ! ಮುಂದಿನ ವಾರ ಇನ್ನೂ ದೂರ ಹೋಗು, ಊಟ ನಾನೇ ಕಟ್ಟಿಕೊಡ್ತೀನಿ."

ಹಾದುಹೋದವರೆಲ್ಲ ಅವಳ ಬೆನ್ನು ತಟ್ಟಿದರು. ಒಬ್ಬಾಕೆ ರೂಬಾರ್ಬ್ ದಂಟಿನ ಜಾಮ್ ಸವರಿದ ವಾಫಲ್ ಕೈಗಿತ್ತಳು. ಊರಿನ ಪ್ರೀತಿಯೆಲ್ಲ ಅವಳ ಮೇಲೆ ಸುರಿಯುತ್ತಿತ್ತು, ಅವಳು ಇಲ್ಲದೇ ಇದ್ದುದಕ್ಕಾಗಿ. ಸುಮ್ಮನಿದ್ದುಬಿಡುವುದು ಎಷ್ಟು ಸುಲಭ! ಈಗ ನೋಡಿದೆನೆಂದು ಹೇಳಿ, ಮುಂದಿನ ವಾರ ಸೋತರೆ, ಜನ್ಮಪೂರ್ತಿ ಕೇಳಬೇಕು.

ಆಗ ಅಮ್ಮನ ಫೋನು ಬಡಿದುಕೊಂಡಿತು. ರೋಯಿ. ಅಮ್ಮ ಸ್ಪೀಕರ್ ಹಾಕಿ ಫೋನನ್ನು ಮೇಲೆತ್ತಿ ಹಿಡಿದಳು. ಊರೆಲ್ಲ ಅವನ ಹೆಸರು ಕೂಗಿ ಸುಮ್ಮನಾಯಿತು.

"ಅಕ್ಕ ಎಲ್ಲಿ? ಅವಳು ನೋಡ್ಲಿಲ್ಲ ಅಲ್ವಾ?" ರೋಯಿಯ ದನಿಯಲ್ಲಿ ಆಯಾಸವಿತ್ತು. "ಆ ಪೆನಾಲ್ಟಿ ಅವಳಿಗೆ ತೋರಿಸ್ಬೇಕಿತ್ತು."

ಹೈನಿ ಬಾಯಿ ತೆರೆಯುವ ಮೊದಲೇ ಸುನ್ವಾ ಹೇಳಿದಳು, "ನೋಡಿದೆ ಕಣೋ. ತಪ್ಪು ಕಡೆ ಹಾರಿದೆ, ಚಿಕ್ಕೋನಿದ್ದಾಗ ಹಾರ್ತಿದ್ದ ಹಾಗೇ."

ಆ ಕಡೆಯಿಂದ ನಗು ಬಂತು. "ನಡುವೆ ಒದೀತಿದ್ದೋಳು ನೀನೊಬ್ಳೇ. ಅದಕ್ಕೇ ಕಾಲು ಹಿಂದೆ ಬಿಡೋದು ಅಭ್ಯಾಸ ಆಗೋಗಿದೆ!"

ದಕ್ಕೆಯ ಮೇಲೆ ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಸುನ್ವಾಳ ಮೇಲಿತ್ತು. ಅಮ್ಮ ಫೋನನ್ನು ಕೆಳಗಿಳಿಸಿ, "ಆಮೇಲೆ ಮಾಡು ಮಗಾ," ಎಂದಳು.

"ಎಲ್ಲಿ ನೋಡಿದೆ?" ಎಂದ ಹೈನಿ.

"ಮಾಲನ್ ಅಜ್ಜಿ ಮನೇಲಿ. ಅರ್ಧ ಆದ್ಮೇಲಿಂದ ಕೊನೇತನಕ."

"ಗೋಲುಗಳು?"

"ಎರಡೂ."

ಹಾನುಸ್ ಬಿಯರು ಕೆಳಗಿಟ್ಟ. "ತಡೀರಿ, ತಡೀರಿ. ಹಾಗಾದ್ರೆ ಇಷ್ಟು ವರ್ಷ ಸೋತಿದ್ದು ಯಾರ ಕಾಲ್ಗುಣಕ್ಕೆ? ಒಂದೇ ಒಂದು ಆಟ ತಪ್ಪಿಸದೆ ಬಂದೋನು ನೀನೊಬ್ಬನೇ ಅಲ್ವೇನೋ ಹೈನಿ!"

ಈಗ ದಕ್ಕೆಯೇ ಅಲುಗಾಡುವಂತೆ ನಕ್ಕರು. ಹೈನಿ ನಗಲಿಲ್ಲ, ಅವನು ಲೆಕ್ಕ ಹಾಕುತ್ತಿದ್ದ. ಸ್ವಲ್ಪ ಹೊತ್ತಿಗೆ ಮುಖ ಬೆಳಗಿತು. "ಸರಿ ಹಾಗಾದ್ರೆ. ಮುಂದಿನ ವಾರಾನೂ ನೀನು ಮಾಲನ್ ಅಜ್ಜಿ ಮನೇಲೇ ಕೂತ್ಕೋ. ಅದೇ ಕುರ್ಚಿ, ಅದೇ—"

"ಇಲ್ಲ ಮಾಮ."

ತನ್ನ ದನಿ ಇಷ್ಟು ಗಟ್ಟಿಯೆಂದು ಸುನ್ವಾಳಿಗೇ ಗೊತ್ತಿರಲಿಲ್ಲ.

"ನಾನು ಮೈದಾನಕ್ಕೆ ಬರ್ತೀನಿ. ಸೋತ್ರೆ ಬೈಯಿರಿ, ಪರವಾಗಿಲ್ಲ. ಆದ್ರೆ ಬರ್ತೀನಿ."

ಹೈನಿ ಅವಳನ್ನು ನೋಡಿದ. ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು, ಆಟವನ್ನು ಮತ್ತೆ ತೋರಿಸುತ್ತಿದ್ದಾರೆಂದು. ಜನ ಒಳಗೆ ನುಗ್ಗಿದರು. ಅಮ್ಮ ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು. ಸುನ್ವಾ ಕೂತಳು. ಯಾವ ತಲೆಯೂ ಹಿಂದಕ್ಕೆ ತಿರುಗಲಿಲ್ಲ. ಒಂದೆರಡು ತಿರುಗಲು ಹೋಗಿ ನಿಂತವು. ಹೈನಿ ಕೊಂಚ ಹೊತ್ತು ಬಾಗಿಲಲ್ಲೇ ನಿಂತಿದ್ದು, ಕೊನೆಗೆ ಬಂದು ಅವಳ ಮಗ್ಗುಲಲ್ಲಿ ಕೂತ.

ಪೆನಾಲ್ಟಿ ಬಂತು. ಹೈನಿ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಮಾಮ, ಮುಗಿದುಹೋಗಿರೋ ಆಟ ಇದು."

"ಗೊತ್ತು ಕಣೇ. ಆದ್ರೂ ಈಗ ನೀನು ಕೂತಿದೀಯಲ್ಲ."

ಚೆಂಡು ಕಾಲಿಗೆ ಬಡಿದು ಮೇಲೆ ಹೋಯಿತು. ಈಗಷ್ಟೇ ಗೆದ್ದವನಂತೆ ಹೈನಿ ಉಸಿರುಬಿಟ್ಟ. ಟೀವಿಯಿಂದ ಕಣ್ಣು ತೆಗೆಯದೆಯೇ ಕೇಳಿದ: "ಮೈದಾನದಲ್ಲಿ ಎಲ್ಲಿ ನಿಲ್ತೀಯಾ?"

"ರೋಯಿ ಹಿಂದೆ. ಗೋಲಿನ ಹತ್ತಿರ."

"ಹಾಗಾದ್ರೆ ನಾನು ಆಚೆ ಗೋಲಿನ ಹಿಂದೆ ನಿಲ್ತೀನಿ. ಇಬ್ಬರೂ ಒಂದೇ ಕಡೆ ಬೇಡ. ಕೆಟ್ಟ ಕಾಲ್ಗುಣ ನಮ್ಮಿಬ್ಬರಲ್ಲಿ ಯಾರದ್ದೋ ಏನೋ."

"ಅರ್ಧ ಆದ್ಮೇಲೆ ಅವನು ಆಚೆ ಗೋಲಿಗೆ ಹೋಗ್ತಾನೆ ಮಾಮ."

ಹೈನಿ ಯೋಚಿಸಿದ. "ಆಗ ನಾವೂ ಕಡೆ ಬದಲಾಯಿಸ್ಕೊಳ್ಳೋಣ," ಎಂದ. "ದಾರೀಲಿ ಎದುರಾದ್ರೆ ಮಾತ್ರ ಮಾತಾಡಿಸ್ಬೇಡ."